ವಾರಿಜ, ಏಳನೆಯ ತರಗತಿ

ಕಳೆದ ವಾರ ನಮ್ಮ ಅಂಗಡಿಗೆ ಹಿರಿಯರೊಬ್ಬರು ಡಾಕ್ಟರ ಚೀಟಿ ಹಿಡಿದುಕೊಂಡು ಬಂದರು. ಬಂಟ್ವಾಳದ ಬಿ.ಸಿ. ರೋಡಿನ ಮೂರು ಮದ್ದಿನಂಗಡಿಗಳ ಮೆಟ್ಟಿಲು ಹತ್ತಿ ಇಳಿದಿದ್ದ ಚೀಟಿ ಅದು. ಮೂರು ಕಡೆಯೂ ಅದನ್ನು ತಿರುಗಿಸಿ ನೋಡಿ, ಅರ್ಥವಾಗುವುದಿಲ್ಲ, ಡಾಕ್ಟರನ್ನೇ ಕೇಳಿಕೊಂಡು ಬನ್ನಿ ಎಂದು ಹಿಂದೆ ಕೊಟ್ಟಿದ್ದರಂತೆ. ನಾನು ಒಂದು ನಿಮಿಷ ನೋಡಿದೆ. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಆದರೆ ಬರೆದವರ ಕೈ ಎಲ್ಲಿ ಅವಸರ ಮಾಡಿದೆ, ಎಲ್ಲಿ ಬೇಸರವಾಗಿ ಉದ್ದಕ್ಕೆ ಎಳೆದುಬಿಟ್ಟಿದೆ ಎಂಬುದು ಕಾಣುತ್ತಿತ್ತು. ಮದ್ದಿನ ಹೆಸರು ಹೇಳಿದೆ. ಸಂಶಯ ಬೇಡವೆಂದು ಡಾಕ್ಟರಿಗೆ ಫೋನು ಮಾಡಿಯೂ ಕೇಳಿದೆ. ಸರಿಯಾಗಿಯೇ ಇತ್ತು.

ನನ್ನ ಜೊತೆ ಕೆಲಸ ಮಾಡುವ ಸಫಿಯಾ ಇದನ್ನೆಲ್ಲ ನೋಡುತ್ತಿದ್ದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಫಾರ್ಮಸಿ ಓದಿದವರು. ಇದನ್ನು ನಮಗೆ ಅಲ್ಲಿ ಯಾರೂ ಹೇಳಿಕೊಟ್ಟಿಲ್ಲವಲ್ಲ, ನೀನು ಎಲ್ಲಿ ಕಲಿತದ್ದು ಎಂದು ಕೇಳಿದಳು. ಪ್ರಾಥಮಿಕ ಶಾಲೆಯಲ್ಲಿ ಎಂದೆ. ಅವಳು ನಕ್ಕು ಮುಂದಿನ ಗಿರಾಕಿಯ ಕಡೆ ಹೋದಳು. ನಾನು ಮಾತ್ರ ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ತಮಾಷೆಗೆ ಹೇಳಿದ ಮಾತು ಪೂರ್ತಿ ನಿಜವಾಗಿತ್ತು.

ಅದೇ ವಾರ ಇನ್ನೊಂದು ತಾಪತ್ರಯವೂ ಇತ್ತೆನ್ನಿ. ನನ್ನ ಮೊದಲ ಕವನ ಸಂಕಲನ ಅಚ್ಚಿಗೆ ಹೋಗುವುದರಲ್ಲಿದೆ. ವಯಸ್ಸು ಮೂವತ್ತೊಂದು. ಅಂಗಡಿಯಲ್ಲಿ ಎಲ್ಲರಿಗೂ ಅಕ್ಕ, ಮನೆಯಲ್ಲಿ ಅಮ್ಮ, ಕವಿಗೋಷ್ಠಿಯ ಕಾಗದದಲ್ಲಿ ಮಾತ್ರ ನಾನಿನ್ನೂ ಯುವಕವಿ. ಪ್ರಕಾಶಕರು ಫೋನು ಮಾಡಿ, ಕವಿಯ ಮಾತು ಅಂತ ಎರಡು ಪುಟ ಕೊಡಿ, ಯಾರ್ಯಾರ ಪ್ರಭಾವ ಆಗಿದೆ ಅಂತ ಬರೆಯಿರಿ, ದೊಡ್ಡ ಹೆಸರು ನಾಲ್ಕು ಇದ್ದರೆ ಒಳ್ಳೆಯದು ಎಂದಿದ್ದರು. ನಾಲ್ಕು ದೊಡ್ಡ ಹೆಸರು ಬರೆದೆ. ಓದಿ ನೋಡಿದೆ. ಸುಳ್ಳೇನಲ್ಲ, ಅವರನ್ನೆಲ್ಲ ಓದಿದ್ದೇನೆ. ಆದರೆ ಅವರು ನನ್ನೊಳಗೆ ಬರುವ ಹೊತ್ತಿಗೆ ಒಳ್ಳೆಯ ಜಾಗದಲ್ಲಿ ಬೇರೊಬ್ಬರು ಕೂತು ಆಗಿತ್ತು. ಅವರ ಹೆಸರಿನ ಜೊತೆ ಇದ್ದ ಬಿರುದು ಒಂದೇ: ಏಳನೆಯ ತರಗತಿ.

ಅವರ ಕತೆಯನ್ನು ನಿಮಗೆ ಹೇಳದೆ ನನಗೆ ನಿದ್ರೆ ಬರುವ ಹಾಗಿಲ್ಲ.

ನನ್ನ ಊರು ಕಕ್ಕಿಂಜೆಯ ಹತ್ತಿರ. ಚಾರ್ಮಾಡಿ ಘಾಟಿ ಹತ್ತುವ ಮೊದಲು ಬಸ್ಸುಗಳು ಸ್ವಲ್ಪ ಹೊತ್ತು ನಿಲ್ಲುವ ಜಾಗ. ರಸ್ತೆ ಬದಿಯಲ್ಲಿ ಅಪ್ಪನ ಸಣ್ಣ ಹೋಟೆಲು: ನಾಲ್ಕು ಮೇಜು, ಒಂದು ಗಾಜಿನ ಕಪಾಟು, ಅದರೊಳಗೆ ಗೋಳಿಬಜೆ, ಬನ್ಸು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ತುಳು, ದಾರಿಯಲ್ಲಿ ತುಳು. ಕನ್ನಡವೆಂದರೆ ಶಾಲೆಯ ಯೂನಿಫಾರ್ಮಿನ ಹಾಗೆ, ಬೆಳಿಗ್ಗೆ ಹಾಕಿಕೊಂಡು ಸಂಜೆ ತೆಗೆದು ಮಡಚಿಡುವುದು.

ಶಾಲೆ ಹಳೆಯದು, ಅನುದಾನಿತ, ಏಳನೆಯವರೆಗೆ. ಲೈಬ್ರರಿ ಅಂದರೆ ಹೆಡ್‌ಮಾಸ್ಟರ ಕೋಣೆಯಲ್ಲಿದ್ದ ಒಂದು ಮರದ ಕಪಾಟು. ಅದರಲ್ಲಿದ್ದ ಅಚ್ಚಿನ ಪುಸ್ತಕಗಳನ್ನು ನಾನು ಐದನೆಯಲ್ಲೇ ಮುಗಿಸಿದ್ದೆ. ಭತ್ತದ ರೋಗಗಳ ಬಗ್ಗೆ ಇಲಾಖೆಯವರು ಕಳಿಸಿದ್ದ ಪುಸ್ತಕವನ್ನೂ ಬಿಟ್ಟಿರಲಿಲ್ಲ. ಅದರಲ್ಲಿ ಬೆಂಕಿರೋಗ ಎಂಬ ಶಬ್ದ ಸಿಕ್ಕಿದ ದಿನ ಖುಷಿಯಲ್ಲಿ ಊಟ ಸೇರಲಿಲ್ಲ. ಅಂಥ ಹುಡುಗಿ ನಾನು, ಏನು ಮಾಡುವುದು.

ಕಪಾಟಿನ ಅತಿ ಕೆಳಗಿನ ಅರೆಯಲ್ಲಿ ಮಾತ್ರ ಯಾರೂ ಮುಟ್ಟದ ಒಂದು ಸಾಲು ಇತ್ತು. ಅವು ಶಾಲೆಯ ಕೈಬರಹದ ಪತ್ರಿಕೆಗಳು. ಪ್ರತಿ ವರ್ಷ ಮಕ್ಕಳೆಲ್ಲ ಒಂದೊಂದು ಪುಟ ತಮ್ಮದೇ ಅಕ್ಷರದಲ್ಲಿ ಬರೆದು ಕೊಡಬೇಕು, ಟೀಚರು ತಿದ್ದಬೇಕು, ಆಮೇಲೆ ಬಟ್ಟೆಯ ರಟ್ಟು ಹಾಕಿ ಹೊಲಿಯಬೇಕು. ವಾರ್ಷಿಕೋತ್ಸವದ ದಿನ ಮುಖ್ಯ ಅತಿಥಿಗಳು ಅದನ್ನು ಬಿಡುಗಡೆ ಮಾಡಿ, ನಿಂತಲ್ಲೇ ಎರಡು ಪುಟ ತಿರುವಿ, ಮಕ್ಕಳ ಪ್ರತಿಭೆಯನ್ನು ಹೊಗಳಿ ಕೆಳಗಿಡುತ್ತಿದ್ದರು. ಮರುದಿನ ಅದು ಕಪಾಟು ಸೇರುತ್ತಿತ್ತು. ಇದ್ದದ್ದು ಒಂದೇ ಪ್ರತಿ. ಓದುಗರ ಸಂಖ್ಯೆಯೂ ಒಂದೇ, ಅದೂ ಎರಡು ಪುಟಕ್ಕೆ.

ನಾನು ಏಳನೆಯಲ್ಲಿದ್ದ ವರ್ಷ, ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೊದಲ ಶನಿವಾರ, ಬೆನ್ನಿ ಟೀಚರ್ ನನ್ನನ್ನು ಕರೆದರು. ಪೂರ್ತಿ ಹೆಸರು ಬೆನೆಡಿಕ್ಟಾ. ಹೊನ್ನಾವರದ ಕಡೆಯವರು, ಮನೆಮಾತು ಕೊಂಕಣಿ, ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆಯಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದರು. ಪತ್ರಿಕೆಗಳಿಗೆ ಹುಳ ಹಿಡಿಯುತ್ತಾ ಉಂಟು, ಎಲ್ಲವನ್ನೂ ಜಗಲಿಯಲ್ಲಿ ಬಿಸಿಲಿಗೆ ಹರಡಿ ಸಂಜೆಯೊಳಗೆ ತಿರುಗಿ ಇಡಬೇಕು, ಹಾಳೆ ಮಡಚಬಾರದು, ತಿರುವಲಿಕ್ಕೆ ಬೆರಳಿಗೆ ಉಗುಳು ಹಚ್ಚಬಾರದು ಎಂದು ಅಪ್ಪಣೆಯಾಯಿತು. ಸಂಜೆಯೊಳಗೆ ಮುಗಿಯಬೇಕಾಗಿದ್ದ ಕೆಲಸಕ್ಕೆ ಮೂರು ಶನಿವಾರ ಬೇಕಾಯಿತು. ನಾನು ಓದತೊಡಗಿದ್ದೆ.

ಆ ಮೂರು ಶನಿವಾರಗಳ ಸಂಭ್ರಮವನ್ನು ಹೇಗೆ ಹೇಳಲಿ. ಅಚ್ಚಿನ ಪುಸ್ತಕದಲ್ಲಿ ಎಲ್ಲರ ಅಕ್ಷರವೂ ಒಂದೇ. ಇಲ್ಲಿ ಹಾಗಲ್ಲ. ಒಬ್ಬನ ಅಕ್ಷರಗಳು ಸಾಲಿನ ಮೇಲೆ ಹಕ್ಕಿಗಳ ಹಾಗೆ ಕೂತಿದ್ದವು, ಇನ್ನೊಬ್ಬಳವು ಕೆಳಗಿನ ಸಾಲಿಗೆ ಕಾಲು ಇಳಿಬಿಟ್ಟಿದ್ದವು. ಎತ್ತಿನ ಬಗ್ಗೆ ಪ್ರಬಂಧ ಬರೆದವನು ಮಧ್ಯದಲ್ಲಿ ಎತ್ತು ಸತ್ತ ಮೇಲೆ ಒತ್ತಿ ಒತ್ತಿ ಬರೆದಿದ್ದ, ಹಾಳೆಯ ಹಿಂಬದಿಯಲ್ಲಿ ಬೆರಳಿಟ್ಟರೆ ಆ ದುಃಖ ಕೈಗೆ ತಾಗುತ್ತಿತ್ತು. ಮದ್ದಿನ ಚೀಟಿ ಓದುವ ವಿದ್ಯೆ ನನಗೆ ಬಂದದ್ದು ಅಲ್ಲಿ. ಇನ್ನೊಂದು ವಿದ್ಯೆಯೂ ಬಂತು. ಜಾಗ ಉಳಿಸಲಿಕ್ಕೆ ಟೀಚರು ಪುಟಕ್ಕೆ ಎರಡು ಕಾಲಂ ಗೆರೆ ಹಾಕುತ್ತಿದ್ದರು. ಹಾಗಾಗಿ ಪದ್ಯಗಳ ಸಾಲು ಮೂರು ನಾಲ್ಕು ಶಬ್ದಕ್ಕೇ ಮುರಿಯುತ್ತಿತ್ತು. ಪದ್ಯವೆಂದರೆ ಅಷ್ಟೇ ಅಗಲ ಎಂದು ನಾನು ತಿಳಿದುಕೊಂಡೆ. ಈಚೆಗೆ ವಿಮರ್ಶಕರೊಬ್ಬರು ನನ್ನ ಕವಿತೆಗಳಲ್ಲಿ ಮಾತಿನ ಸಂಯಮ ಇದೆ ಎಂದು ಬರೆದರು. ಅದು ಸಂಯಮ ಅಲ್ಲ, ಕಾಲಂ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಪದ್ಯಗಳು ಬೇಕಾದಷ್ಟಿದ್ದವು. ಮಳೆಯ ಮೇಲೆ, ದನದ ಮೇಲೆ, ತಾಯಿಯ ಮೇಲೆ, ಧ್ವಜದ ಮೇಲೆ. ಮೂರನೆಯ ಶನಿವಾರ, ಒಂದು ಹಸಿರು ರಟ್ಟಿನ ಪತ್ರಿಕೆಯ ನಡುವೆ, ಸ್ವಲ್ಪ ಹಿಂದಕ್ಕೆ ವಾಲಿದ ಅಕ್ಷರದಲ್ಲಿ ಇದು ಸಿಕ್ಕಿತು:

ತೋಡಿಗೆ ಕನ್ನಡ ಬರುವುದಿಲ್ಲ
ನನಗೂ ಸರಿಯಾಗಿ ಬರುವುದಿಲ್ಲ
ದಾರಿಯಲ್ಲಿ ನಾವಿಬ್ಬರು
ತುಳುವಿನಲ್ಲಿ ಮಾತಾಡುತ್ತೇವೆ
ಗೇಟು ಬಂದ ಕೂಡಲೇ
ಅದು ಆಚೆ ಹೋಗುತ್ತದೆ
ನಾನು ಒಳಗೆ ಹೋಗಿ
ಸುಮ್ಮನಾಗುತ್ತೇನೆ

ಕೆಳಗೆ ಹೆಸರು: ವಾರಿಜ, ಏಳನೆಯ ತರಗತಿ.

ಮೊದಲ ಶಬ್ದಕ್ಕೆ ಕೆಂಪು ಶಾಯಿಯ ಗೆರೆ ಎಳೆದು, ಮೇಲೆ ‘ತೊರೆಗೆ’ ಎಂದು ತಿದ್ದಿದ್ದರು. ಗೆರೆಯ ಕೆಳಗಿನ ‘ತೋಡು’ ಚೆನ್ನಾಗಿ ಕಾಣುತ್ತಿತ್ತು. ನಮ್ಮ ಕಡೆ ಸಣ್ಣ ಹಳ್ಳಕ್ಕೆ ಹೇಳುವುದು ತೋಡು ಅಂತಲೇ. ಶಾಲೆಯ ಗೇಟಿನ ಎದುರಿಗೆ ಆ ತೋಡು ಆಗಲೂ ಹರಿಯುತ್ತಾ ಇತ್ತು. ನಾನು ಎದ್ದು ಹೋಗಿ ನೋಡಿ ಬಂದೆ. ನಿಜವಾಗಿಯೂ ಅದು ಗೇಟಿನ ಹತ್ತಿರ ಬಂದು ಎಡಕ್ಕೆ ತಿರುಗಿ ಆಚೆ ಹೋಗುತ್ತಿತ್ತು. ಏಳು ವರ್ಷ ದಿನಾ ದಾಟಿದ್ದೆ, ಅದು ಶಾಲೆಗೆ ಬರುವುದಿಲ್ಲ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ನನ್ನ ಮೈ ಜುಮ್ಮೆಂದದ್ದು ಬರೀ ಪದ್ಯಕ್ಕಲ್ಲ. ಅಷ್ಟರವರೆಗೆ ನಾನು ತಿಳಿದಿದ್ದ ಕವಿಗಳೆಲ್ಲ ಪಾಠಪುಸ್ತಕದಲ್ಲಿ ಸಣ್ಣ ಚಿತ್ರವಾಗಿ, ಹುಟ್ಟಿದ ಊರು ಮತ್ತು ಪ್ರಶಸ್ತಿಗಳ ಜೊತೆ ಇರುವವರು. ಈ ಕವಿ ನನ್ನದೇ ಬೆಂಚಿನ ಮೇಲೆ ಕೂತವಳು, ನಮ್ಮದೇ ತೋಡು ದಾಟಿದವಳು, ಒಳಗೆ ಬಂದು ನನ್ನ ಹಾಗೆಯೇ ಸುಮ್ಮನಾದವಳು. ಕನ್ನಡ ಸರಿಯಾಗಿ ಬರುವುದಿಲ್ಲ ಎಂಬುದನ್ನೇ ಕನ್ನಡದಲ್ಲಿ ಅಷ್ಟು ಸರಿಯಾಗಿ ಹೇಳಬಹುದು ಎಂದು ಯಾರು ಯೋಚಿಸಿದ್ದರು. ಜಗಲಿಯಲ್ಲಿ ನಿಂತು ಒಬ್ಬಳೇ ಗಟ್ಟಿಯಾಗಿ ಓದಿದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು.

ಆ ಪದ್ಯವನ್ನು ಕನ್ನಡ ಕಾಪಿಯ ಕೊನೆಯ ಪುಟದಲ್ಲಿ ಬರೆದುಕೊಂಡೆ, ಲೆಕ್ಕದ ಕಾಪಿಯಲ್ಲೂ ಬರೆದುಕೊಂಡೆ. ಹೋಗುವಾಗ ಬರುವಾಗ ಬಾಯಲ್ಲಿ ಅದೇ. ಆಮೇಲೆ ನಾನೂ ಬರೆಯಲಿಕ್ಕೆ ಶುರುಮಾಡಿದೆ. ಮೊದಲನೆಯದು ‘ಬೆಕ್ಕಿಗೆ ಕನ್ನಡ ಬರುವುದಿಲ್ಲ’. ಎರಡನೆಯದು ‘ಗೋಳಿಬಜೆಗೆ ಕನ್ನಡ ಬರುವುದಿಲ್ಲ’. ಘಾಟಿಯ ಬಸ್ಸು, ಅಪ್ಪನ ಸ್ಟೌ, ಅಜ್ಜಿಯ ಕೋಲು, ಒಂದು ತಿಂಗಳಲ್ಲಿ ಊರಿನ ಯಾವ ವಸ್ತುವಿಗೂ ಕನ್ನಡ ಬಾರದ ಹಾಗೆ ಮಾಡಿಬಿಟ್ಟೆ.

ಡಿಸೆಂಬರಿನಲ್ಲಿ ಬೆಳ್ತಂಗಡಿಯಲ್ಲಿ ಒಂದು ಸಂಘದವರು ತಾಲೂಕಿನ ಮಕ್ಕಳಿಗೆ ಕವನ ಸ್ಪರ್ಧೆ ಇಟ್ಟರು. ವಿಷಯ ಅಲ್ಲಿಯೇ ಕೊಡುವುದು, ಅರ್ಧ ಗಂಟೆಯಲ್ಲಿ ಬರೆಯುವುದು. ಬೋರ್ಡಿನ ಮೇಲೆ ‘ನನ್ನ ಗೆಳತಿ’ ಎಂದು ಬರೆದರು. ನನ್ನ ತಲೆ ಖಾಲಿಯಾಯಿತು. ಪಕ್ಕದ ಹುಡುಗಿ ಆಗಲೇ ಒಂದು ಪುಟ ತುಂಬಿಸಿದ್ದಳು. ಆಗ ಒಂದು ಸಾಲು ತಾನಾಗಿ ಬಂತು. ಅದರ ಹಿಂದೆ ಇನ್ನೊಂದು. ಕೈ ಓಡತೊಡಗಿತು.

ಗೊತ್ತಿದ್ದೇ ಬರೆದೆಯಾ ಎಂದು ನೀವು ಕೇಳಬಹುದು. ಇದನ್ನು ನಾನು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮೊದಲ ಎರಡು ಸಾಲು ಬರೆಯುವಾಗ ಗೊತ್ತಿರಲಿಲ್ಲ, ಅದು ನನ್ನ ಉಸಿರಿನಷ್ಟೇ ನನ್ನದಾಗಿತ್ತು. ಮೂರನೆಯ ಸಾಲಿನಲ್ಲಿ ಗೊತ್ತಾಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಅಷ್ಟು ಒಳ್ಳೆಯದನ್ನು ಬರೆಯುತ್ತಿರುವ ಕೈ ನನ್ನದು ಎಂಬ ಖುಷಿಯನ್ನು ಬಿಟ್ಟುಕೊಡಲಿಕ್ಕೆ ಆಗಲಿಲ್ಲ. ಎಂಟು ಸಾಲು ಮುಗಿಯಿತು, ಸಮಯ ಇನ್ನೂ ಇತ್ತು. ಗಂಟೆ ಹೊಡೆಯುವ ಸ್ವಲ್ಪ ಮೊದಲು ಕೆಳಗೆ ಇನ್ನೆರಡು ಸಾಲು ಬಂದವು:

ಸಂಜೆ ಗೇಟಿನ ಹತ್ತಿರ ತೋಡು ಇರುತ್ತದೆ
ಬೆಳಿಗ್ಗೆ ಮಾತಾಡಿದ ನೀರು ಇರುವುದಿಲ್ಲ

ಮೊದಲ ಬಹುಮಾನ ನನಗೆ ಬಂತು. ಒಂದು ಪ್ರಶಸ್ತಿಪತ್ರ, ಒಂದು ಸ್ಟೀಲಿನ ಬುತ್ತಿ. ಎರಡು ವಾರ ಕಳೆದು ಪದ್ಯ ನಮ್ಮ ಕಡೆಯ ಒಂದು ವಾರಪತ್ರಿಕೆಯ ಮಕ್ಕಳ ಅಂಕಣದಲ್ಲಿ ನನ್ನ ಹೆಸರು, ಶಾಲೆಯ ಹೆಸರಿನ ಜೊತೆ ಅಚ್ಚಾಯಿತು. ಅಪ್ಪ ಅದನ್ನು ಕತ್ತರಿಸಿ ಹೋಟೆಲಿನ ಗಾಜಿನ ಕಪಾಟಿಗೆ ಅಂಟಿಸಿದರು. ಘಾಟಿ ಹತ್ತುವ ಲಾರಿಯವರೆಲ್ಲ ಚಾ ಕುಡಿಯುತ್ತಾ ಓದಿದರು.

ಜನವರಿಯಲ್ಲಿ ಒಂದು ಮಧ್ಯಾಹ್ನ ಬೆನ್ನಿ ಟೀಚರ್ ಊಟದ ಹೊತ್ತಿಗೆ ನನ್ನನ್ನು ಸ್ಟಾಫ್ ರೂಮಿಗೆ ಬರಹೇಳಿದರು. ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಮೂರು ವಸ್ತುಗಳಿದ್ದವು: ಹಸಿರು ರಟ್ಟಿನ ಪತ್ರಿಕೆ, ವಾರಪತ್ರಿಕೆಯ ತುಂಡು, ಒಂದು ಇನ್‌ಲ್ಯಾಂಡ್ ಪತ್ರ. ಪತ್ರದ ಅಕ್ಷರಗಳು ಸ್ವಲ್ಪ ಹಿಂದಕ್ಕೆ ವಾಲಿದ್ದವು. ಯಾರದೆಂದು ನನಗೆ ಹೇಳಬೇಕಾಗಿರಲಿಲ್ಲ. ಸಿಕ್ಕಿಬಿದ್ದೆ ಎಂದು ಭಯವಾಯಿತು. ಆದರೂ, ಆ ಭಯದ ಒಳಗೆ ಇನ್ನೊಂದು ಸಣ್ಣ ಸ್ವರ, ಅವಳು ನಿಜವಾಗಿಯೂ ಇದ್ದಾಳೆ, ಅವಳು ಇದ್ದಾಳೆ ಎಂದು ಕುಣಿಯುತ್ತಿತ್ತು.

ಪತ್ರದಲ್ಲಿ ಒಂದೇ ಒಂದು ಬೈಗುಳ ಇರಲಿಲ್ಲ. ನಾನು ನಿಮ್ಮ ಶಾಲೆಯಲ್ಲಿ ಓದಿದವಳು, ಈಗ ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿದ್ದೇನೆ, ತವರಿನಿಂದ ಅಣ್ಣ ತಂದ ಹಲಸಿನ ಹಪ್ಪಳ ಈ ವಾರಪತ್ರಿಕೆಯ ಹಾಳೆಯಲ್ಲಿ ಸುತ್ತಿತ್ತು, ಪದ್ಯ ಓದಿದೆ, ಬರೆದ ಮಗು ಯಾರು, ಅವಳಿಗೆ ನನ್ನ ಗುರುತು ಉಂಟಾ, ಆ ವರ್ಷದ ಪತ್ರಿಕೆ ಈಗಲೂ ಉಂಟಾ ಎಂದು ಕೇಳಿದ್ದರು. ಅಷ್ಟೇ. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಟೀಚರ್ ಎರಡು ಪದ್ಯಗಳನ್ನೂ ಅಕ್ಕಪಕ್ಕ ಇಟ್ಟರು.

“ಇದರಲ್ಲಿ ನಿನ್ನದು ಯಾವುದು?”

ನಾನು ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಆ ಎರಡು ಸಾಲನ್ನು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಅದರ ಕೆಳಗೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆದರು.

“ಇಷ್ಟು ನಿನ್ನದು. ಇಷ್ಟಕ್ಕೆ ಹೆಸರು ಹಾಕಿಕೊಳ್ಳಬಹುದಿತ್ತು. ಪತ್ರಿಕೆಯವರಿಗೆ ನಾನು ಬರೆಯುವುದಿಲ್ಲ, ನೀನೇ ಬರೆಯಬೇಕು. ಅದಕ್ಕಿಂತ ಮೊದಲು ಅವಳ ಹತ್ರ ಹೋಗುವ.”

ಅಪ್ಪನಿಗೆ ಹೇಳುವುದೇ ದೊಡ್ಡ ಪರೀಕ್ಷೆಯಾಯಿತು. ಅಳುತ್ತಾ ಹೇಳಿದೆ. ಅವರಿಗೆ ಮೊದಲು ತಪ್ಪು ಯಾವುದೆಂದೇ ಅರ್ಥವಾಗಲಿಲ್ಲ. ಪದ್ಯವನ್ನು ಕದಿಯುವುದು ಹೇಗೆ, ಅದು ಅವರ ಹತ್ತಿರವೂ ಉಂಟಲ್ಲ ಎಂದರು. ಗೋಳಿಬಜೆ ಮಾಡುವುದನ್ನು ತಾನೂ ಉಜಿರೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ನೋಡಿ ಕಲಿತವರು ಅವರು. ನಾನು ಯೋಚಿಸಿ, ನೀವು ನಿಮ್ಮ ಗೋಳಿಬಜೆಗೆ ಆ ಹೋಟೆಲಿನವರ ಹೆಸರು ಹೇಳಿಯೇ ಹೇಳುತ್ತೀರಲ್ಲ, ನಾನು ಹೇಳಲಿಲ್ಲ ಎಂದೆ. ಮರುದಿನ ಅಪ್ಪ ಬಿಸಿನೀರಿನ ಬಟ್ಟೆ ಒತ್ತಿ ಆ ಕಾಗದವನ್ನು ಗಾಜಿನಿಂದ ಬಿಡಿಸಿ, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅವರ ಮುಖ ನೋಡಲಿಕ್ಕೆ ನನಗೆ ಆಗಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಹೊರಟೆವು. ಟೀಚರ ಚೀಲದಲ್ಲಿ ಹಸಿರು ಪತ್ರಿಕೆ, ನನ್ನ ಚೀಲದಲ್ಲಿ ಬುತ್ತಿ ಮತ್ತು ಪ್ರಶಸ್ತಿಪತ್ರ, ಕೈಯಲ್ಲಿ ಅಪ್ಪ ಕಟ್ಟಿಕೊಟ್ಟ ಬನ್ಸಿನ ಪೊಟ್ಟಣ. ಬೆಳ್ತಂಗಡಿಯಲ್ಲಿ ಬಸ್ಸು ಬದಲಾಯಿಸುವ ಮೊದಲು ಸಂಘದ ಕಚೇರಿಗೆ ಹೋಗಿ ಬಹುಮಾನ ಹಿಂದೆ ಕೊಡಬೇಕೆಂದೆವು. ಅಲ್ಲಿದ್ದವರು ಬಹಳ ಸಜ್ಜನರು, ಆದರೆ ಬಹುಮಾನ ಕೊಟ್ಟು ಗೊತ್ತಿತ್ತೇ ಹೊರತು ತೆಗೆದುಕೊಂಡು ಗೊತ್ತಿರಲಿಲ್ಲ. ಬುತ್ತಿಯ ಮುಚ್ಚಳ ತೆಗೆದು ಒಳಗೆ ನೋಡಿದರು. ಉಪಯೋಗಿಸಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಅಲ್ಲಿಡು ಎಂದರು. ಇಟ್ಟೆ. ಹೊರಗೆ ಬಂದಾಗ ಚೀಲದ ಜೊತೆ ನನ್ನ ಮೈಯೂ ಹಗುರವಾದ ಹಾಗಿತ್ತು, ಮೂಡುಬಿದಿರೆಯ ಬಸ್ಸಿಗೆ ಓಡಿಯೇ ಹೋದೆ.

ಗುರುವಾಯನಕೆರೆ ದಾಟಿತು, ವೇಣೂರು ದಾಟಿತು. ಕಿಟಕಿಯ ಗಾಳಿಗೆ ನನ್ನ ಹೆದರಿಕೆಯೆಲ್ಲ ಕಾತರವಾಗುತ್ತಾ ಬಂತು. ನಾನು ಒಬ್ಬ ಕವಿಯನ್ನು ನೋಡಲಿಕ್ಕೆ ಹೋಗುತ್ತಿದ್ದೆ. ಕವಿಗಳು ಬಸ್ಸು ಹೋಗುವ ದಾರಿಯಲ್ಲಿ ಇರುತ್ತಾರೆ, ಟಿಕೇಟು ತೆಗೆದರೆ ಅವರ ಮನೆಯ ಹತ್ತಿರ ಇಳಿಯಬಹುದು ಎಂಬುದು ನನಗೆ ಆವತ್ತು ಗೊತ್ತಾದ ವಿಷಯ. ಟೀಚರ್ ಮಾತ್ರ ದಾರಿಯುದ್ದಕ್ಕೂ ಮಾತಾಡಲಿಲ್ಲ. ನನ್ನ ಮೇಲಿನ ಸಿಟ್ಟೆಂದು ನಾನು ತಿಳಿದಿದ್ದೆ.

ತೋಡಾರಿನಲ್ಲಿ ರಸ್ತೆಯಿಂದ ಸ್ವಲ್ಪ ಇಳಿದರೆ ಸಣ್ಣ ಹೆಂಚಿನ ಮನೆ, ಎದುರಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಗ್ಗದಲ್ಲಿ ಬಣ್ಣಬಣ್ಣದ ರವಿಕೆಗಳು. ಮಿಷನ್ನಿನ ಹಿಂದಿನಿಂದ ಎದ್ದುಬಂದ ಹೆಂಗಸಿಗೆ ಮೂವತ್ತನಾಲ್ಕು ಮೂವತ್ತೈದು ಇರಬಹುದು. ಕುತ್ತಿಗೆಯಲ್ಲಿ ಅಳತೆಯ ಟೇಪು. ಕವಿಯ ಕುತ್ತಿಗೆಯಲ್ಲಿ ಶಾಲು ಇರುತ್ತದೆಂದು ತಿಳಿದಿದ್ದ ನಾನು ಆ ಟೇಪನ್ನೇ ನೋಡುತ್ತಾ ನಿಂತೆ. ಅವರು ಟೀಚರ ಗುರುತು ಹಿಡಿದು ಗಾಬರಿಯಿಂದ ಕುರ್ಚಿಯ ಮೇಲಿನ ಬಟ್ಟೆ ತೆಗೆಯತೊಡಗಿದರು. ಟೀಚರ್ ಕೂರಲಿಲ್ಲ.

“ವಾರಿಜ, ಇವಳೊಂದು ತಪ್ಪು ಮಾಡಿದ್ದಾಳೆ. ಅದಕ್ಕಿಂತ ಮೊದಲು ನಾನೊಂದು ಮಾಡಿದ್ದೇನೆ,” ಎಂದರು. “ಆ ಕೆಂಪು ಶಾಯಿ ನನ್ನದು. ನಾನು ಆ ವರ್ಷವೇ ಬಂದದ್ದು. ತೋಡು ಅಂದರೆ ಎಂತ ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಹತ್ರ ಕೇಳಬೇಕಿತ್ತು, ಕೇಳಲಿಲ್ಲ.”

ಬಸ್ಸಿನ ಮೌನಕ್ಕೆ ಅರ್ಥ ಆಗ ಸಿಕ್ಕಿತು. ತಪ್ಪೊಪ್ಪಿಗೆಗೆ ಬಂದವಳು ನಾನೊಬ್ಬಳೇ ಅಲ್ಲ.

ವಾರಿಜಕ್ಕನಿಗೆ ಇದೆಲ್ಲ ಕೇಳಿಸಿತೋ ಇಲ್ಲವೋ. ಅವರ ಕಣ್ಣು ಹಸಿರು ರಟ್ಟಿನ ಮೇಲಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಎದುರಿಗೇ ತಿದ್ದಿಸಿಕೊಂಡು ಕೊಟ್ಟ ಪುಟ, ಆಮೇಲೆ ಒಮ್ಮೆಯೂ ನೋಡಲಿಕ್ಕೆ ಸಿಗದ ಪುಟ. ಕೈಯನ್ನು ಸೀರೆಗೆ ಒರೆಸಿ ತೆಗೆದುಕೊಂಡರು, ಟೀಚರ್ ಗುರುತಿಟ್ಟಿದ್ದ ಪುಟವನ್ನು ತೆರೆದರು. ಓದುತ್ತಾ ಅವರ ತುಟಿ ಅಲುಗುತ್ತಿತ್ತು. ನಾನು ಬಸ್ಸಿನಲ್ಲಿ ಉರು ಹೊಡೆದ ಕ್ಷಮೆಯ ಮಾತನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿ ತುಳುವಿನಲ್ಲಿ ಮಾತಾಡಿದರು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ನನಗೆ ಸಿಟ್ಟು ಬರಲಿಲ್ಲ. ಪೇಪರಿನಲ್ಲಿ ತೋಡು ಅಂತಲೇ ಇತ್ತಲ್ಲ. ಒಬ್ಬರಾದರೂ ಸರಿ ಓದಿದ್ದಾರೆ ಅಂತ ಆಯ್ತು. ನಾಲ್ಕು ದಿನ ಮಿಷನ್ನಿನ ಹತ್ರ ಇಟ್ಟುಕೊಂಡು ಓದಿದ್ದೇನೆ.”

ಆಮೇಲೆ ಅವರು ವಾರಪತ್ರಿಕೆಯ ತಮ್ಮ ತುಂಡನ್ನು ಮಿಷನ್ನಿನ ಡ್ರಾಯರಿನಿಂದ ತೆಗೆದರು. ಎಣ್ಣೆಯ ಕಲೆ ಇನ್ನೂ ಇತ್ತು.

“ಈ ಕೊನೆಯ ಎರಡು ಸಾಲು ನಾನು ಬರ್ದದ್ದಲ್ಲ. ಬರೆದು ಮರೆತೆನಾ ಅಂತ ಬಹಳ ಯೋಚನೆ ಮಾಡಿದೆ. ಇದು ಬರುವಾಗ ನಿನಗೆ ಎಂತ ಆಯ್ತು?”

ಆವರೆಗೆ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ಕೈ ಬಿಸಿಯಾಯಿತು ಎಂದೆ.

“ಹೌದು,” ಎಂದರು ವಾರಿಜಕ್ಕ. “ನನಗೂ ಹಾಗೆಯೇ ಆಗಿತ್ತು.”

ಅವರು ಟೀಚರನ್ನು ಬಿಟ್ಟು, ಬನ್ಸನ್ನು ಬಿಟ್ಟು, ನನ್ನೆದುರು ನೆಲದ ಮೇಲೆಯೇ ಕೂತರು. ಮೂವತ್ತನಾಲ್ಕು ವರ್ಷದ ದರ್ಜಿ ಮತ್ತು ಹನ್ನೆರಡು ವರ್ಷದ ಕಳ್ಳಿ, ಇಬ್ಬರೂ ಆ ತೋಡಿನ ಬಗ್ಗೆ ಒಂದು ಗಂಟೆ ಮಾತಾಡಿದೆವು. ಏಳನೆಯ ನಂತರ ಅವರು ಶಾಲೆಗೆ ಹೋಗಿರಲಿಲ್ಲ, ಪದ್ಯವನ್ನೂ ಬರೆದಿರಲಿಲ್ಲ. ಬರೆದರೆ ಯಾರಿಗೆ ತೋರಿಸುವುದು ಎಂದು ಕೇಳಿದರು. ನಾನು ಸಂಕೋಚವನ್ನೆಲ್ಲ ಮರೆತು ನನಗೆ ಎಂದೆ. ಹೊರಡುವಾಗ ಟೀಚರ್ ತಮ್ಮ ಪೆನ್ನು ತೆಗೆದು ವಾರಿಜಕ್ಕನ ಕೈಗೆ ಕೊಟ್ಟರು. ವಾರಿಜಕ್ಕ ಕೆಂಪು ‘ತೊರೆಗೆ’ಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ‘ತೋಡಿಗೆ’ ಎಂದು ಬರೆದರು. ‘ಡ’ ಅಕ್ಷರ ಹಾಗೆಯೇ ಹಿಂದಕ್ಕೆ ವಾಲಿತ್ತು.

ವಾರಪತ್ರಿಕೆಗೆ ನಾನೇ ಬರೆದೆ: ಎಂಟು ಸಾಲು ತೋಡಾರಿನ ವಾರಿಜ ಎಂಬವರದು, ಎರಡು ಮಾತ್ರ ನನ್ನದು, ಹೇಳದೆ ಇದ್ದದ್ದು ನನ್ನ ತಪ್ಪು. ಅವರು ಅದನ್ನು ಮಕ್ಕಳ ಅಂಕಣದಲ್ಲೇ ಪೂರ್ತಿ ಹಾಕಿದರು. ಶಾಲೆಯಲ್ಲಿ ಕೆಲವರು ಒಂದಷ್ಟು ದಿನ ನನ್ನನ್ನು ಕಾಪಿ ಎಂದು ಕರೆದರು. ಅಪ್ಪ ಆ ಪತ್ರವನ್ನು ಕತ್ತರಿಸಿ, ಕಿಸೆಯಲ್ಲಿಟ್ಟಿದ್ದ ಪದ್ಯವನ್ನೂ ತೆಗೆದು, ಎರಡನ್ನೂ ಗಾಜಿನ ಕಪಾಟಿಗೆ ಅಂಟಿಸಿದರು. ಪದ್ಯಕ್ಕಿಂತ ಪತ್ರವನ್ನೇ ಜನ ಹೆಚ್ಚು ಹೊತ್ತು ಓದುತ್ತಾರೆ ಎಂದು ಅವರ ವರದಿ.

ಅಲ್ಲಿಂದ ಶುರುವಾದದ್ದು ನಮ್ಮ ಅಂಚೆ ಕಾರ್ಡುಗಳು. ನಾನು ನಾಲ್ಕು ಸಾಲು ಬರೆದು ಕಳಿಸುವುದು, ಅವರು ಅದರ ಕೆಳಗೆ ನಾಲ್ಕು ಸಾಲು ಬರೆದು ಕಳಿಸುವುದು. ಕಾಲೇಜು ಸೇರಿ ಪುಸ್ತಕದ ಭಾರೀ ಶಬ್ದಗಳನ್ನು ಕಲಿತು ಮೆರೆಯುತ್ತಿದ್ದ ದಿನಗಳಲ್ಲಿ ವಾರಿಜಕ್ಕ ಅಂಥ ಒಂದೊಂದು ಶಬ್ದಕ್ಕೂ ಸುತ್ತು ಹಾಕಿ, ಇದನ್ನು ನೀನು ಯಾರ ಬಾಯಲ್ಲಿ ಕೇಳಿದ್ದು ಎಂದು ಬರೆಯುತ್ತಿದ್ದರು. ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಒಂದು ವರ್ಷ ಕಾರ್ಡು ಹಾಕಲೇ ಇಲ್ಲ. ಆ ವರ್ಷದ ಪದ್ಯಗಳಲ್ಲಿ ಒಂದೂ ಈ ಸಂಕಲನಕ್ಕೆ ಬಂದಿಲ್ಲ ಎಂಬುದನ್ನು ಮೊನ್ನೆ ಗಮನಿಸಿದೆ.

ಮದ್ದಿನ ಚೀಟಿಯ ಆ ಘಟನೆಯ ನಂತರದ ಭಾನುವಾರ, ಅಂದರೆ ಮೊನ್ನೆ, ಅಚ್ಚಿನ ಕರಡು ಹಿಡಿದುಕೊಂಡು ತೋಡಾರಿಗೆ ಹೋದೆ. ಕವಿಯ ಮಾತು ಆಗಲೇ ಕಳಿಸಿಯಾಗಿತ್ತು. ಎರಡು ಪುಟ ಆಗಲಿಲ್ಲ, ಅರ್ಧ ಪುಟ ಆಯಿತು, ಅದರಲ್ಲಿ ಹೆಸರು ಒಂದೇ. ಪ್ರಕಾಶಕರು ಇವರು ಯಾರು, ಯಾವ ಪುಸ್ತಕ ಬರೆದಿದ್ದಾರೆ ಎಂದು ಕೇಳಿದ್ದರು. ಬಿಡುಗಡೆ ಮೂಡುಬಿದಿರೆಯಲ್ಲೇ ಇಟ್ಟುಕೊಳ್ಳುವ, ಆವತ್ತು ಅವರೇ ಓದುತ್ತಾರೆ, ನೀವೇ ನೋಡುವಿರಂತೆ ಎಂದಿದ್ದೆ. ಹೊನ್ನಾವರದಿಂದ ಬೆನ್ನಿ ಟೀಚರೂ ಬರುತ್ತೇನೆಂದು ಹೇಳಿದ್ದಾರೆ.

ವಾರಿಜಕ್ಕನಿಗೆ ಈಗ ಐವತ್ತಮೂರು. ಕನ್ನಡಕ ಬಂದಿದೆ, ಮಿಷನ್ನಿಗೆ ಮೋಟಾರು ಬಂದಿದೆ. ಬಿಡುಗಡೆಯ ದಿನ ನನ್ನ ಯಾವ ಪದ್ಯ ಓದುತ್ತೀರಿ ಎಂದು ಕೇಳಿದೆ. ನಿನ್ನದು ನೀನು ಓದು, ನಾನು ನನ್ನದು ಓದ್ತೇನೆ ಎಂದು ಅಳತೆಯ ಪುಸ್ತಕ ತೆಗೆದರು. ಹಿಂದಿನ ಪುಟದಲ್ಲಿ ಹೊಸ ಪದ್ಯ. ಓದಿದರು. ಅದು ತುಳುವಿನಲ್ಲಿತ್ತು.

ಅಳತೆ ತೆಗೆಯುವಾಗ ಹೆಂಗಸರೆಲ್ಲ ಉಸಿರು ಬಿಗಿಹಿಡಿಯುತ್ತಾರೆ, ಟೇಪು ಸಡಿಲಿಸಿದ ಕೂಡಲೇ ಆ ಉಸಿರಿನ ಜೊತೆ ಯಾವುದೋ ಒಂದು ಗುಟ್ಟು ಹೊರಗೆ ಬರುತ್ತದೆ, ಇಷ್ಟು ವರ್ಷ ನಾನು ಅಂಗುಲ ಬರೆದುಕೊಂಡೆ, ಗುಟ್ಟು ಬರೆದುಕೊಳ್ಳಲಿಲ್ಲ ಎಂಬುದು ಅದರ ಅರ್ಥ. ಕನ್ನಡದಲ್ಲಿ ಹೇಳುವಾಗ ಅರ್ಧ ಹೋಯಿತು, ನೀವು ನನ್ನನ್ನು ಕ್ಷಮಿಸಬೇಕು. ಆ ಕೋಣೆಯಲ್ಲಿ ಕೇಳುವಾಗ ನನ್ನ ತೋಳಿನ ರೋಮ ಎದ್ದು ನಿಂತಿತ್ತು. ತುಳುವಿನಲ್ಲಿ ಯಾಕೆ ಎಂದು ಕೇಳಿದೆ.

“ಅವರು ಹೇಳಿದ್ದು ತುಳುವಿನಲ್ಲಿ ಅಲ್ವಾ,” ಎಂದರು ವಾರಿಜಕ್ಕ. “ಮತ್ತೆ ಮಾರಾಯ್ತಿ, ತೋಡಿನ ಹತ್ರ ನಾವು ತುಳು ಮಾತಾಡ್ತೇವೆ ಅಂತ ಕನ್ನಡದಲ್ಲಿ ಬರೆದೆವು. ಎಂತ ಮಾತಾಡಿದೆವು ಅಂತ ಬರೆಯಲೇ ಇಲ್ಲ.”

ನಲವತ್ತೆಂಟು ಕವಿತೆಗಳ ಕರಡು ನನ್ನ ಮಡಿಲಲ್ಲಿತ್ತು. ಒಂದೂ ತುಳುವಿನದಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಯಾರೋ ಒಂದು ಹೊಸ ಕಪಾಟಿನ ಬೀಗ ತೆಗೆದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಚಾ ಬೇಡವೆಂದು ಎದ್ದೆ. ಮೂಡುಬಿದಿರೆಗೆ ಬಂದು ಸಿದ್ದಕಟ್ಟೆ ದಾರಿಯ ಬಂಟ್ವಾಳದ ಬಸ್ಸು ಹತ್ತಿದೆ. ಕಿಟಕಿಯ ಬದಿಯ ಸೀಟು ಸಿಕ್ಕಿತು. ಕರಡಿನ ಕೊನೆಯ ಹಾಳೆಯ ಹಿಂಬದಿ ಖಾಲಿ ಇತ್ತು, ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ. ತುಳುವಿನ ಕೆಲವು ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರ ಸಾಲುವುದಿಲ್ಲ. ಸಾಲದಿದ್ದಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋದೆ. ಬಸ್ಸು ಕುಲುಕಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ನಾಳೆ ಓದಲಿಕ್ಕೆ ಆಗುತ್ತದೋ ಇಲ್ಲವೋ ಎಂದು ನೋಡುವಷ್ಟು ಪುರುಸೊತ್ತು ಇರಲಿಲ್ಲ. ಕಂಡಕ್ಟರು ಎರಡು ಸಲ ಎಲ್ಲಿಗೆ ಎಂದು ಕೇಳಿದರಂತೆ, ಪಕ್ಕದವರು ನನ್ನ ಭುಜ ತಟ್ಟಿ ಹೇಳಿದರು.

ನಾನು ಇಳಿಯುವ ಸ್ಟಾಪು ಬರುವಾಗ ಹನ್ನೊಂದು ಸಾಲಾಗಿತ್ತು. ಹನ್ನೆರಡನೆಯದು ಬರುತ್ತಾ ಇತ್ತು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಒಂದಿಬ್ಬರು ಇಳಿದರು. ನಾನು ಇಳಿಯಲಿಲ್ಲ.